ದಿನಕ್ಕೊಂದು ಪುಟ

ಕೊಡಗಿನ ಮಳೆಗೂ ಕಾಗದಕ್ಕೂ ಆಗಿಬರುವುದಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡದೆ ಸುರಿದರೆ ಕಪಾಟಿನೊಳಗಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಿಟ್ಟರೆ ಗೆದ್ದಲು, ಗೆದ್ದಲು ಬಿಟ್ಟರೆ ಹುಳು, ಇವೆಲ್ಲ ತಪ್ಪಿದರೆ ಹೆಂಚಿನ ಸಂದಿನಿಂದ ಇಳಿಯುವ ನೀರು. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಜರಿದಾಗ ಎಷ್ಟೋ ಮನೆಗಳೇ ಉಳಿಯಲಿಲ್ಲ, ಇನ್ನು ಆ ಮನೆಗಳ ಅಟ್ಟದ ಮೇಲಿದ್ದ ಪುಸ್ತಕದ ಗಂಟುಗಳನ್ನು ಕೇಳುವವರಾರು?

ಓದುಗ ಮಿತ್ರರೇ, ಹಾಗಾದರೆ ಒಂದು ಹಳೆಯ ಪುಸ್ತಕವನ್ನು ಎಲ್ಲಿಟ್ಟರೆ ಕ್ಷೇಮ? ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿದ್ದ ನನಗೆ ಥಟ್ಟನೆ ತೋಚುವ ಉತ್ತರ ಲಾಕರ್. ಆದರೆ ಪುಸ್ತಕದ ಮಟ್ಟಿಗೆ ಲಾಕರ್ ಸರಿಯಾದ ಜಾಗವಲ್ಲ. ಒಡವೆಯನ್ನು ಬಚ್ಚಿಟ್ಟು ಕಾಪಾಡಬೇಕು, ಪುಸ್ತಕವನ್ನು ಹಂಚಿಯೇ ಕಾಪಾಡಬೇಕು. ಒಂದು ಪ್ರತಿ ಇದ್ದರೆ ಒಂದು ಮಳೆಗಾಲ ಸಾಕು, ಸಾವಿರ ಕಡೆ ಸಾವಿರ ಪ್ರತಿ ಇದ್ದರೆ ಯಾವ ಮಳೆಯೂ ಏನೂ ಮಾಡಲಾರದು. ಸಂಸ್ಕೃತ ಗ್ರಂಥಗಳನ್ನು ಕಂಪ್ಯೂಟರಿಗೆ ಏರಿಸಿ ಎಲ್ಲರಿಗೂ ಉಚಿತವಾಗಿ ಕೊಡುವ ಆನ್‌ಲೈನ್ ಗ್ರಂಥಾಲಯಗಳು ಮಾಡುತ್ತಿರುವುದು ಇದನ್ನೇ. ಎಪ್ಪತ್ತು ದಾಟಿದ ನಾನು ಅಮ್ಮತ್ತಿಯ ಮನೆಯಲ್ಲಿ ಕುಳಿತು ಅವುಗಳಿಂದ ಪಡೆದದ್ದೇನು, ಅವಕ್ಕೆ ಕೊಟ್ಟದ್ದೇನು ಎಂಬುದನ್ನು ಹೇಳುತ್ತೇನೆ. ಇದು ದೊಡ್ಡ ವಿದ್ವಾಂಸರಿಗೆ ಮಾತ್ರ ಆಗುವ ಕೆಲಸವಲ್ಲ. ನಾನು ಓದಿದ್ದು ಬಿ.ಕಾಂ., ಸಂಸ್ಕೃತ ಶಾಲೆಯಲ್ಲಿ ಕಲಿತಷ್ಟೇ.

ಮೈಸೂರಿಗೆ ಬಂದ ಒಂದು ಓಲೆಗರಿ ಕಟ್ಟು

ಒಂದೇ ಪ್ರತಿಯ ಬೆಲೆ ಎಷ್ಟೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯೆಂಟಲ್ ಲೈಬ್ರರಿ ಆರಂಭವಾಯಿತು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ಅಲ್ಲಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥ ಲಿಪಿಯಲ್ಲಿದ್ದ ಒಂದು ಓಲೆಗರಿ ಕಟ್ಟನ್ನು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಡಿಸಿ ಓದಿ ಗುರುತಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿಯ ತನಕ ಆ ಗ್ರಂಥ ಇತ್ತೆಂಬುದು ಬೇರೆ ಪುಸ್ತಕಗಳಲ್ಲಿ ಬರುವ ಉಲ್ಲೇಖಗಳಿಂದ ಗೊತ್ತಿತ್ತೇ ಹೊರತು, ಪೂರ್ಣ ಪಾಠವನ್ನು ಈಗಿನ ವಿದ್ವಾಂಸರು ಕಂಡಿರಲಿಲ್ಲ. 1909ರಲ್ಲಿ ಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಇಂದು ಯಾವ ಕಾಲೇಜಿನ ವಿದ್ಯಾರ್ಥಿಯಾದರೂ ಮೊಬೈಲಿನಲ್ಲಿ ಅರ್ಥಶಾಸ್ತ್ರವನ್ನು ತೆರೆದು ಓದಬಹುದು.

ಆ ಕಟ್ಟು ಯಾರದೋ ಮನೆಯ ಅಟ್ಟದಲ್ಲೇ ಉಳಿದು ಗೆದ್ದಲಿಗೆ ಆಹಾರವಾಗಿದ್ದರೆ? ಅದನ್ನು ತಂದುಕೊಟ್ಟ ಪಂಡಿತರೂ ಓದಿದ ಶಾಸ್ತ್ರಿಗಳೂ ಮಾತ್ರವಲ್ಲ, ಅದಕ್ಕೂ ಹಿಂದೆ ಓಲೆ ಸವೆದಾಗಲೆಲ್ಲ ಹೊಸ ಓಲೆಗೆ ಕಂಠದಿಂದ ಕೊರೆದು ನಕಲು ಮಾಡಿದ ಹೆಸರಿಲ್ಲದ ಲಿಪಿಕಾರರೂ ಇದರಲ್ಲಿ ಪಾಲುದಾರರು. ಒಬ್ಬ ನಕಲು ಮಾಡುವುದನ್ನು ಬಿಟ್ಟಿದ್ದರೂ ಸರಪಳಿ ತುಂಡಾಗುತ್ತಿತ್ತು. ಇಂದು ಕೀಲಿಮಣೆಯ ಮುಂದೆ ಕುಳಿತು ಒಂದು ಪುಟ ಟೈಪ್ ಮಾಡುವ ಹುಡುಗಿ ಆ ಲಿಪಿಕಾರರ ಸಾಲಿನಲ್ಲೇ ನಿಂತಿದ್ದಾಳೆ.

ಚಿತ್ರ ಬೇರೆ, ಪಠ್ಯ ಬೇರೆ

ಆನ್‌ಲೈನ್ ಗ್ರಂಥಾಲಯ ಎಂದ ಕೂಡಲೇ ಪುಸ್ತಕದ ಪುಟಗಳ ಫೋಟೋ ನೆನಪಾಗುತ್ತದೆ. ಅದು ಮೊದಲ ಹೆಜ್ಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ನಡೆದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಯೋಜನೆಯಲ್ಲಿ ಲಕ್ಷಗಟ್ಟಲೆ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಲಾಯಿತು. ಅವುಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಫೋಟೋದೊಳಗಿನ ಅಕ್ಷರ ಕಂಪ್ಯೂಟರಿಗೆ ಅಕ್ಷರವಲ್ಲ, ಬರೀ ಕಪ್ಪು ಬಿಳುಪು ಚುಕ್ಕೆ. ಅದರಲ್ಲಿ ಒಂದು ಪದವನ್ನು ಹುಡುಕಲಾಗದು, ಅಕ್ಷರವನ್ನು ದೊಡ್ಡದು ಮಾಡಿ ಹೊಸದಾಗಿ ಜೋಡಿಸಲಾಗದು, ಬೇರೆ ಲಿಪಿಗೆ ತಿರುಗಿಸಲಾಗದು.

ಇದಕ್ಕೆಲ್ಲ ಪುಟವನ್ನು ಪಠ್ಯವಾಗಿ ಮಾಡಬೇಕು, ಅಂದರೆ ಒಂದೊಂದೇ ಅಕ್ಷರ ಟೈಪ್ ಮಾಡಬೇಕು, ಇಲ್ಲವೇ ಯಂತ್ರದಿಂದ ಓದಿಸಿ ತಿದ್ದಬೇಕು. 'ಸಂಸ್ಕೃತ ಡಾಕ್ಯುಮೆಂಟ್ಸ್' ಎಂಬ ತಾಣದಲ್ಲಿ 1990ರ ದಶಕದಿಂದ ಸ್ವಯಂಸೇವಕರು ಸ್ತೋತ್ರ, ಉಪನಿಷತ್ತು, ಕಾವ್ಯ, ಶಾಸ್ತ್ರಗ್ರಂಥಗಳನ್ನು ಹೀಗೆ ಟೈಪ್ ಮಾಡಿ, ತಿದ್ದಿ ಇಡುತ್ತ ಬಂದಿದ್ದಾರೆ. ಆಗ ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಮೂಡಿಸುವುದೇ ಕಷ್ಟವಿತ್ತು. ಅದಕ್ಕೆ ಅವಿನಾಶ್ ಚೋಪ್ಡೆ ಎಂಬವರು ರೂಪಿಸಿದ 'ಐಟ್ರಾನ್ಸ್' ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಂದಲೇ ಸಂಸ್ಕೃತವನ್ನು ಬರೆಯುತ್ತಿದ್ದರು. ಜರ್ಮನಿಯ ಗಟಿಂಗೆನ್ ನಗರದ 'ಗ್ರೆಟಿಲ್' ಎಂಬ ಭಂಡಾರವೂ ಇಂಥದ್ದೇ, ಅದು ಹೆಚ್ಚಾಗಿ ಸಂಶೋಧಕರಿಗೆ. ವಿಕಿಪೀಡಿಯದ ಬಳಗಕ್ಕೆ ಸೇರಿದ ಸಂಸ್ಕೃತ ವಿಕಿಸೋರ್ಸ್‌ನಲ್ಲಂತೂ ಎಡಗಡೆ ಪಠ್ಯ, ಬಲಗಡೆ ಪುಟದ ಫೋಟೋ ಎರಡೂ ಅಕ್ಕಪಕ್ಕ ಇರುತ್ತವೆ. ನೋಡಿ ತಿದ್ದುವುದು ಸುಲಭ.

ನಮ್ಮ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಲಾಭವಿದೆ. ನಮ್ಮ ಹಿರಿಯರು ಸಂಸ್ಕೃತವನ್ನು ಓದಿದ್ದು ಬಹುಪಾಲು ಕನ್ನಡ ಲಿಪಿಯಲ್ಲಿ. ಮೈಸೂರಿನ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಂಥ ಮಾಲೆಗಳಲ್ಲಿ ಮೂಲವೂ ಕನ್ನಡ ಲಿಪಿಯಲ್ಲೇ ಇರುತ್ತಿತ್ತು, ಕೆಳಗೆ ಕನ್ನಡ ಅರ್ಥ. ಈಗ ದೇವನಾಗರಿಯಲ್ಲಿರುವ ಪಠ್ಯವನ್ನು ಒಂದು ಗುಂಡಿ ಒತ್ತಿದರೆ ಕನ್ನಡ ಲಿಪಿಗೆ ತಿರುಗಿಸಿ ಓದಬಹುದು. ಇದರ ಗುಟ್ಟು ಮಕ್ಕಳಿಗೆ ಇಷ್ಟವಾಗುವಂಥದ್ದು. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಖಾತೆ ಸಂಖ್ಯೆಯಂಥ ಒಂದು ಸಂಖ್ಯೆ ಇದೆ, ಆ ವ್ಯವಸ್ಥೆಯ ಹೆಸರು ಯೂನಿಕೋಡ್. ದೇವನಾಗರಿಯ 'ಕ'ಕಾರದ ಸಂಖ್ಯೆ 2325, ಕನ್ನಡದ 'ಕ' 3221. ವ್ಯತ್ಯಾಸ 896. ದೇವನಾಗರಿಯ 'ಮ' 2350, ಕನ್ನಡದ 'ಮ' 3246. ಕಳೆದು ನೋಡಿ, ಮತ್ತೆ 896! ಭಾರತೀಯ ಲಿಪಿಗಳ ವರ್ಣಮಾಲೆಯ ಕ್ರಮ ಒಂದೇ ಆದ್ದರಿಂದ ಪಟ್ಟಿಯನ್ನೂ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. 896 ಕೂಡಿಸಿದರೆ ದೇವನಾಗರಿ ಕನ್ನಡವಾಗುತ್ತದೆ, ಕಳೆದರೆ ಕನ್ನಡ ದೇವನಾಗರಿಯಾಗುತ್ತದೆ.

ಕಣ್ಣು ಮಂಜಾದವರಿಗೆ ದಪ್ಪಕ್ಷರ

ನಾನು ಈ ಗ್ರಂಥಾಲಯಗಳನ್ನು ಮೊದಲು ಬಳಸಿದ್ದು ನನಗಾಗಿ ಅಲ್ಲ. ನಮ್ಮ ಪಕ್ಕದ ತೋಟದ ಮನೆಯಲ್ಲಿ ಎಂಬತ್ತು ದಾಟಿದ ಅಕ್ಕ ಒಬ್ಬರಿದ್ದಾರೆ. ಬೆಳಗ್ಗೆ ವಿಷ್ಣುಸಹಸ್ರನಾಮ ಹೇಳದೆ ಕಾಫಿ ಕುಡಿಯುವವರಲ್ಲ. ಒಂದು ದಿನ "ಅಕ್ಷರ ಕಾಣಿಸ್ತಿಲ್ಲ ಕಣಪ್ಪ. ಬಾಯಿಗೆ ಬರೋದು ಅರ್ಧಕ್ಕೇ ನಿಂತುಬಿಡುತ್ತೆ. ಆಮೇಲೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ" ಎಂದರು. ಪೇಟೆಯಲ್ಲಿ ಸಿಗುವ ಪುಸ್ತಕಗಳ ಅಕ್ಷರ ಅವರ ಕಣ್ಣಿಗೆ ಸಾಲದು. ನಾನು ಪಠ್ಯವನ್ನು ಕನ್ನಡ ಲಿಪಿಯಲ್ಲಿ ಇಳಿಸಿಕೊಂಡು, ಅಕ್ಷರದ ಗಾತ್ರವನ್ನು 28ಕ್ಕೆ ಏರಿಸಿ, ಪುಟಕ್ಕೆ ನಾಲ್ಕೇ ಶ್ಲೋಕ ಬರುವಂತೆ ಜೋಡಿಸಿ, ಪ್ರಿಂಟ್ ಹಾಕಿಸಿ ಸುರುಳಿ ಬೈಂಡಿಂಗ್ ಮಾಡಿಸಿಕೊಟ್ಟೆ. ಅವರು ಅದನ್ನು ಓದಿದ ದಿನ ನನಗೆ ಪಠ್ಯಕ್ಕೂ ಫೋಟೋಗೂ ಇರುವ ವ್ಯತ್ಯಾಸ ಚೆನ್ನಾಗಿ ಅರ್ಥವಾಯಿತು.

ಮೊಮ್ಮಗಳಿಗೆ ಶಾಲೆಯ ಸುಭಾಷಿತ ಸ್ಪರ್ಧೆ ಬಂದಾಗಲೂ ಇದೇ ಗ್ರಂಥಾಲಯ ನೆರವಿಗೆ ಬರುತ್ತದೆ. ಹುಡುಕುವಾಗ ಒಂದು ಸೂಕ್ಷ್ಮ ತಿಳಿದಿರಬೇಕು. ಸಂಸ್ಕೃತದಲ್ಲಿ ಪದಗಳು ಸಂಧಿಯಾಗಿ ಕೂಡಿಕೊಳ್ಳುತ್ತವೆ. 'ವಿದ್ಯಾ' ಮತ್ತು 'ಅರ್ಥಿ' ಸೇರಿದರೆ 'ವಿದ್ಯಾರ್ಥಿ'. ಅಲ್ಲಿ 'ಅ' ಕರಗಿಹೋಗಿರುವುದರಿಂದ 'ಅರ್ಥಿ' ಎಂದು ಹುಡುಕಿದರೆ ಕಂಪ್ಯೂಟರ್ 'ಇಲ್ಲ' ಎನ್ನುತ್ತದೆ. ಆದ್ದರಿಂದ ಪದದ ಮೊದಲ ಅಕ್ಷರವನ್ನೂ ಕೊನೆಯ ಅಕ್ಷರವನ್ನೂ ಬಿಟ್ಟು ನಡುವಿನ ಗಟ್ಟಿ ಭಾಗವನ್ನು ಮಾತ್ರ ಹಾಕಿ ಹುಡುಕಬೇಕು.

ಯಂತ್ರದ ಕಣ್ಣು, ಗುಮಾಸ್ತನ ಕಣ್ಣು

ಈಗ ಕೊಡುವ ಕೆಲಸದ ಮಾತು. ಫೋಟೋವನ್ನು ನೋಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಓಸಿಆರ್ ಎನ್ನುತ್ತಾರೆ. ಅದು ಒಂದು ಪುಟವನ್ನು ಕೆಲವೇ ಕ್ಷಣಗಳಲ್ಲಿ ಓದಿ ಮುಗಿಸುತ್ತದೆ, ಆದರೆ ಎಡವುತ್ತದೆ. ದೇವನಾಗರಿಯಲ್ಲಿ ಬ-ವ, ಭ-ಮ, ಷ-ಪ, ಥ-ಯ, ಘ-ಧ ಜೋಡಿಗಳು ನೋಡಲು ಅಣ್ಣತಮ್ಮಂದಿರು. ಹಳೆಯ ಅಚ್ಚಿನಲ್ಲಿ ಒಂದು ಗೆರೆ ಮಾಸಿದ್ದರೆ ಸಾಕು, 'ಧನ' ಹೋಗಿ 'ಘನ' ಆಗುತ್ತದೆ, ಹಣ ಇದ್ದ ಜಾಗದಲ್ಲಿ ಮೋಡ ಬಂದು ಕೂರುತ್ತದೆ! ಕನ್ನಡ ಲಿಪಿಯಲ್ಲಿ ದ-ಧ, ಬ-ಭ, ಪ-ಷ ಇವು ಕಾಡುತ್ತವೆ. 'ಬಾಲ' ಎಂದರೆ ಮಗು, 'ಭಾಲ' ಎಂದರೆ ಹಣೆ. ಹೊಟ್ಟೆ ಸೀಳಿದರೆ ಅರ್ಥವೂ ಬೇರೆ.

ಆದ್ದರಿಂದ ಯಂತ್ರ ಓದಿದ್ದನ್ನು ಮನುಷ್ಯರು ಮೂಲದೊಂದಿಗೆ ಒಪ್ಪನೋಡಲೇಬೇಕು. ವಿಕಿಸೋರ್ಸ್‌ನಲ್ಲಿ ಈ ಕ್ರಮಕ್ಕೆ ಬಣ್ಣಗಳಿವೆ. ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಬೇರೊಬ್ಬರು ಮತ್ತೊಮ್ಮೆ ನೋಡಿ ಒಪ್ಪಿದರೆ ಹಸಿರು. ತಿದ್ದಿದವರೇ ಹಸಿರು ಕೊಡುವಂತಿಲ್ಲ. ಇದನ್ನು ಕಂಡಾಗ ನನಗೆ ಹಳೆಯ ಲೆಡ್ಜರ್ ದಿನಗಳು ನೆನಪಾದವು. ವೋಚರ್ ಬರೆದ ಗುಮಾಸ್ತನೇ ಅದನ್ನು ಪಾಸ್ ಮಾಡುವಂತಿರಲಿಲ್ಲ, ಇನ್ನೊಬ್ಬರ ಸಹಿ ಬೀಳಲೇಬೇಕಿತ್ತು. ಅದು ಅಪನಂಬಿಕೆಯಲ್ಲ. ಬರೆದವನ ಕಣ್ಣು ತಾನು ಬರೆದುಕೊಂಡದ್ದನ್ನೇ ಓದುತ್ತದೆ, ಅದಕ್ಕೆ ಎರಡನೆಯ ಕಣ್ಣು ಬೇಕು.

ಸಂಸ್ಕೃತದ ಅರ್ಥ ಪೂರ್ತಿ ಗೊತ್ತಿಲ್ಲದವರಿಗೂ ತಪ್ಪು ಹಿಡಿಯುವ ಎರಡು ಉಪಾಯಗಳಿವೆ. ಮೊದಲನೆಯದು: ಸಂಸ್ಕೃತದಲ್ಲಿ ಹ್ರಸ್ವ 'ಎ' ಮತ್ತು 'ಒ' ಇಲ್ಲವೇ ಇಲ್ಲ. ಕನ್ನಡ ಲಿಪಿಯ ಸಂಸ್ಕೃತ ಪಠ್ಯದಲ್ಲಿ 'ದೆವ' ಎಂದು ಕಂಡರೆ ಅದು ನಿಸ್ಸಂದೇಹವಾಗಿ 'ದೇವ'. ದೀರ್ಘದ ಗುರುತು ಬಿಟ್ಟುಹೋಗಿದೆ. ಹ್ರಸ್ವ 'ಎ', 'ಒ' ಎಲ್ಲೆಲ್ಲಿವೆ ಎಂದು ಹುಡುಕಿದರೆ ಅಷ್ಟು ತಪ್ಪುಗಳು ಸಾಲಾಗಿ ಕೈಗೆ ಸಿಕ್ಕುತ್ತವೆ.

ಎರಡನೆಯದು ಛಂದಸ್ಸು. ನಾವು ಸಾಮಾನ್ಯವಾಗಿ 'ಶ್ಲೋಕ' ಎನ್ನುವ ಅನುಷ್ಟುಪ್ ಛಂದಸ್ಸಿನಲ್ಲಿ ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32. ಸಾಯಂಕಾಲ ಡೇ ಬುಕ್ ಟ್ಯಾಲಿ ಆಗದೆ ಬ್ಯಾಂಕಿನಿಂದ ಮನೆಗೆ ಹೊರಡುವಂತಿರಲಿಲ್ಲವಲ್ಲ, ಹಾಗೆಯೇ 32 ಬಾರದೆ ನಾನು ಮುಂದಿನ ಶ್ಲೋಕಕ್ಕೆ ಹೋಗುವುದಿಲ್ಲ. 31 ಬಂದರೆ ಅಕ್ಷರ ಬಿಟ್ಟಿದೆ, 33 ಬಂದರೆ ಹೆಚ್ಚು ಸೇರಿದೆ. ಅಪರೂಪಕ್ಕೆ ಪ್ರಾಚೀನ ಗ್ರಂಥಗಳಲ್ಲಿ ಮೂಲದಲ್ಲೇ ಅಕ್ಷರ ಹೆಚ್ಚಿರುವುದುಂಟು, ಆಗ ಫೋಟೋ ನೋಡಿ ಇದ್ದಂತೆಯೇ ಬಿಡಬೇಕು.

ಮಕ್ಕಳೇ, ನೀವೂ ಒಂದು ಶ್ಲೋಕ ತೆಗೆದುಕೊಂಡು ಎಣಿಸಿ ನೋಡಿ. ಒತ್ತಕ್ಷರವನ್ನು ಒಂದೇ ಅಕ್ಷರವಾಗಿ ಎಣಿಸಬೇಕು. 'ವಿದ್ಯಾರ್ಥಿ' ಎಂಬಲ್ಲಿ ವಿ, ದ್ಯಾ, ರ್ಥಿ, ಮೂರೇ ಅಕ್ಷರ. ಕೊನೆಯ ಅರ್ಧಾಕ್ಷರಕ್ಕೆ ಲೆಕ್ಕವಿಲ್ಲ. ಇನ್ನೂ ಆಸಕ್ತಿ ಇದ್ದರೆ ಪ್ರತಿ ಪಾದದ ಐದನೆಯ ಅಕ್ಷರ ಲಘು, ಆರನೆಯದು ಗುರು ಇದೆಯೇ ನೋಡಿ. ಸಾಮಾನ್ಯವಾಗಿ ಇರಬೇಕು.

ಗೆದ್ದಲು ತಿಂದ ಎಂಟು ಅಕ್ಷರ

ನನ್ನ ತಂದೆಯವರ ಮರದ ಪೆಟ್ಟಿಗೆಯಲ್ಲಿ ಕನ್ನಡ ಲಿಪಿಯ ಒಂದು ಕಿರು ಸ್ತೋತ್ರಪುಸ್ತಕವಿತ್ತು. ಹೊರ ಹೊದಿಕೆ ಹೋಗಿ ಅಚ್ಚು ಹಾಕಿದವರಾರೋ ತಿಳಿಯದು. ಅದರಲ್ಲಿ ಕಾವೇರಿಯ ಮೇಲೆ ಹನ್ನೆರಡು ಶ್ಲೋಕಗಳ ಒಂದು ಸಣ್ಣ ಸ್ತೋತ್ರ. ಕೊಡಗಿನವರಿಗೆ ಕಾವೇರಿ ಎಂದರೆ ಬರೀ ಹೊಳೆಯಲ್ಲ, ಮನೆಯ ತಾಯಿ. ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥ ಮನೆಮನೆಗೂ ಬರಬೇಕು. ಆ ಸ್ತೋತ್ರವನ್ನು ನನಗೆ ಗೊತ್ತಿದ್ದ ಆನ್‌ಲೈನ್ ಗ್ರಂಥಾಲಯಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಹಾಗಿದ್ದರೆ ನಾವೇ ಏರಿಸೋಣ ಎಂದು ಟೈಪ್ ಮಾಡಲು ಕುಳಿತೆ.

ಒಂಬತ್ತನೆಯ ಶ್ಲೋಕದ ಮೂರನೆಯ ಪಾದ ಪೂರ್ತಿ ಗೆದ್ದಲಿನ ಪಾಲಾಗಿತ್ತು, ಎಂಟು ಅಕ್ಷರ. ಹನ್ನೊಂದನೆಯದರಲ್ಲಿ ಐದು ಅಕ್ಷರ ಇರಲಿಲ್ಲ. ಛಂದಸ್ಸು ಗೊತ್ತಿದ್ದವರು ಹೊಂದುವ ಪದಗಳನ್ನು ತುಂಬಿಬಿಡಬಹುದು, ಅಂದವಾಗಿಯೂ ಕಾಣುತ್ತದೆ. ಆದರೆ ನಗದಿನಲ್ಲಿ ಎಂಟು ರೂಪಾಯಿ ಕಡಿಮೆ ಬಂದರೆ ಜೇಬಿನಿಂದ ಹಾಕಿ ಟ್ಯಾಲಿ ಮಾಡುವುದು ಲೆಕ್ಕವಲ್ಲ. ನೂರು ವರ್ಷದ ನಂತರ ಓದುವವರಿಗೆ ಕವಿಯದಾವುದು, ಗುಮಾಸ್ತನದಾವುದು ಎಂದು ತಿಳಿಯುವುದು ಹೇಗೆ? ಎಂಟು ಚುಕ್ಕೆ, ಐದು ಚುಕ್ಕೆ ಇಟ್ಟೆ.

ಆಮೇಲೊಂದು ದಿನ ಪಕ್ಕದ ಮನೆಯ ಅಕ್ಕನ ಮುಂದೆ ಆ ಸ್ತೋತ್ರದ ಮೊದಲ ಸಾಲು ಓದಿದೆ. "ಇದು ನಮ್ಮಮ್ಮ ಹೇಳ್ತಿದ್ದದ್ದಲ್ವಾ!" ಎಂದವರೇ ಕಣ್ಣು ಮುಚ್ಚಿ ಶುರು ಮಾಡಿದರು. ಒಂಬತ್ತನೆಯ ಶ್ಲೋಕ ಎಲ್ಲೂ ತಡೆಯದೆ ಬಂತು. ಹನ್ನೊಂದನೆಯದಕ್ಕೆ ಬಂದಾಗ ನಿಂತರು. "ಹೋಯ್ತು ನೋಡು. ಮೊನ್ನೆ ಮೊನ್ನೆ ತನಕ ಇತ್ತು" ಎಂದು ಕೈ ಚೆಲ್ಲಿದರು. ಗೆದ್ದಲು ಕಾಗದವನ್ನು ತಿಂದಂತೆ ಕಾಲ ನೆನಪನ್ನೂ ತಿನ್ನುತ್ತದೆ. ಮೊಬೈಲಿನಲ್ಲಿ ಅವರ ದನಿಯನ್ನು ಮುದ್ರಿಸಿಕೊಂಡೆ. ಪಠ್ಯವನ್ನು ಕಳುಹಿಸುವಾಗ ಒಂಬತ್ತನೆಯ ಶ್ಲೋಕದ ಕೆಳಗೆ, ಮೂರನೆಯ ಪಾದ ಕೊಡಗಿನ ಹಿರಿಯರೊಬ್ಬರ ಬಾಯಿಪಾಠದಿಂದ ಬಂದದ್ದು ಎಂದು ಟಿಪ್ಪಣಿ ಹಾಕಿದೆ.

ಸುಮಾರು ಒಂದು ವರ್ಷದ ಮೇಲೆ ಮೈಸೂರು ಕಡೆಯ ಓದುಗರೊಬ್ಬರು ಅದೇ ಪುಸ್ತಕದ ಹಾಳಾಗದ ಪ್ರತಿಯಿಂದ ಆ ಪುಟಗಳ ಫೋಟೋ ಕಳುಹಿಸಿದರು. ಹನ್ನೊಂದನೆಯ ಶ್ಲೋಕ ಪೂರ್ತಿಯಾಯಿತು. ಒಂಬತ್ತನೆಯದರಲ್ಲಿ ಅಕ್ಕ ಹೇಳಿದ್ದಕ್ಕೂ ಅಚ್ಚಿಗೂ ಒಂದೇ ಅಕ್ಷರ ವ್ಯತ್ಯಾಸ. ಅಚ್ಚಿನಲ್ಲಿ 'ಕುಲ', ಅಕ್ಕನ ಬಾಯಲ್ಲಿ 'ಕೂಲ'. ಕುಲವೆಂದರೆ ವಂಶ, ಕೂಲವೆಂದರೆ ಹೊಳೆಯ ದಡ. ಯಾವುದು ಸರಿ? ಆ ಅಕ್ಷರ ಪಾದದಲ್ಲಿ ಆರನೆಯದು, ಗುರು ಇರಬೇಕಾದ ಜಾಗ. 'ಕು' ಲಘು, 'ಕೂ' ಗುರು. ಹೊಳೆಯ ಸ್ತೋತ್ರಕ್ಕೆ ಅರ್ಥವೂ ದಡವೇ ಹೊಂದುತ್ತದೆ. ಅಚ್ಚಿನ ಮೊಳೆ ಜೋಡಿಸುವಾಗ ಒಂದು ಕೊಂಬು ಬಿಟ್ಟುಹೋಗಿತ್ತು, ಅಕ್ಕನ ತಾಯಿಯ ಬಾಯಲ್ಲಿ ಅದು ಉಳಿದಿತ್ತು. ಗ್ರಂಥಾಲಯದಲ್ಲಿ ಈಗ ಪಾಠದಲ್ಲಿ 'ಕೂಲ', ಟಿಪ್ಪಣಿಯಲ್ಲಿ ಅಚ್ಚಿನ 'ಕುಲ', ಎರಡೂ ಇವೆ. ಅಕ್ಕನಿಗೆ ವಿಷಯ ತಿಳಿಸಿದಾಗ, "ನಮ್ಮಮ್ಮ ಅಕ್ಷರ ಕಲಿತವಳಲ್ಲ ಕಣೋ" ಎಂದಷ್ಟೇ ಹೇಳಿ ಸುಮ್ಮನಾದರು.

ನಿಮ್ಮ ಮನೆಯಲ್ಲಿ ಶುರು ಮಾಡುವುದಾದರೆ

ಮೊದಲು ಮನೆಯ ಕಪಾಟು, ಪೆಟ್ಟಿಗೆ, ದೇವರ ಗೂಡು ನೋಡಿ. ಸಿಕ್ಕ ಪುಸ್ತಕ ಈಗಾಗಲೇ ಆನ್‌ಲೈನ್‌ನಲ್ಲಿದೆಯೇ ಹುಡುಕಿ, ಇದ್ದರೆ ಅಲ್ಲಿನ ಪಠ್ಯವನ್ನು ನಿಮ್ಮ ಪ್ರತಿಯೊಂದಿಗೆ ಒಪ್ಪನೋಡಿ ತಪ್ಪುಗಳನ್ನು ತಿಳಿಸಿ. ಅದೂ ದೊಡ್ಡ ಸೇವೆಯೇ. ಇಲ್ಲದಿದ್ದರೆ ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ, ಪುಟವನ್ನು ಚಪ್ಪಟೆಯಾಗಿಟ್ಟು ಮೇಲಿನಿಂದ ನೇರವಾಗಿ ಫೋಟೋ ತೆಗೆಯಿರಿ. ಹೆಸರು, ಲೇಖಕರು, ಮುದ್ರಣಾಲಯ, ವರ್ಷ ಇರುವ ಪುಟವನ್ನು ಮರೆಯದಿರಿ. ಅದಿಲ್ಲದ ಪುಸ್ತಕ ವಿಳಾಸವಿಲ್ಲದ ಮನಿ ಆರ್ಡರ್ ಇದ್ದಂತೆ.

ಕಾನೂನನ್ನೂ ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪ್ರಾಚೀನ ಮೂಲಕ್ಕೆ ಅಡ್ಡಿಯಿಲ್ಲ, ಆದರೆ ಅದಕ್ಕೆ ಇತ್ತೀಚಿನವರು ಬರೆದ ಟೀಕೆ, ಅನುವಾದಗಳನ್ನು ಅನುಮತಿಯಿಲ್ಲದೆ ಏರಿಸಬಾರದು. ಓಲೆಗರಿ ಸಿಕ್ಕರೆ ನೀವೇ ಬಿಡಿಸಲು, ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಗರಿ ಮುರಿದುಹೋದೀತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತಿಳಿದವರಿಗೆ ತೋರಿಸಿ. ಹಸ್ತಪ್ರತಿಗಳನ್ನು ಗುರುತಿಸಿ ಕಾಪಾಡಲೆಂದೇ ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು.

ಟೈಪಿಂಗ್ ಕಷ್ಟವಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿರುವ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಎರಡೂ ಕನ್ನಡಿಗರಿಗೆ ಪರಿಚಿತವೇ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವ ನಂಬಿಕೆಯಿಲ್ಲ, ನೆಟ್‌ವರ್ಕ್ ಅದರ ಬೆನ್ನ ಹಿಂದೆಯೇ ಹೋಗುತ್ತದೆ. ಆಗ ನಾನು ಕಾಗದದ ಮೇಲೆ ಪ್ರಿಂಟ್ ಹಾಕಿಸಿಟ್ಟ ಪುಟಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ, ಕರೆಂಟ್ ಬಂದಾಗ ಏರಿಸುತ್ತೇನೆ. ಅಜ್ಜ ಗಟ್ಟಿಯಾಗಿ ಓದಿ, ಮೊಮ್ಮಗಳು ಪರದೆಯ ಮೇಲೆ ಒಪ್ಪನೋಡಿದರೆ ಎರಡು ಕಣ್ಣಿನ ನಿಯಮವೂ ಪಾಲನೆಯಾಗುತ್ತದೆ, ಮಗುವಿನ ಉಚ್ಚಾರಣೆಯೂ ತಿದ್ದುತ್ತದೆ.

ಇದು ಸಂಸ್ಕೃತಕ್ಕೆ ಮಾತ್ರ ಮೀಸಲಾದ ಕೆಲಸವೂ ಅಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶದ ಲೇಖನಗಳು ಸೇರಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಅಲೆದು ಹಾಡು, ಗಾದೆ, ಪದ್ಧತಿಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸದೇ ಇದ್ದಿದ್ದರೆ ಕೊಡವರ ಎಷ್ಟು ಬಾಯಿಪಾಠ ಇಂದು ಉಳಿದಿರುತ್ತಿತ್ತು? ಕೊಡವ ತಕ್ಕ್ ಆಗಲಿ, ಅರೆಭಾಷೆಯಾಗಲಿ, ಅಜ್ಜಿಯ ಹಾಡಾಗಲಿ, ದಾರಿ ಇದೇ: ಕೇಳಿ, ಬರೆದುಕೊಂಡು, ಒಪ್ಪನೋಡಿ, ಹಂಚುವುದು.

ಒಂದು ಪುಟ ತಿದ್ದಲು ನನಗೆ ಸುಮಾರು ಇಪ್ಪತ್ತು ನಿಮಿಷ ಬೇಕು. ದಿನಕ್ಕೊಂದು ಪುಟವಾದರೆ ವರ್ಷಕ್ಕೆ 365. ಹತ್ತು ಮನೆಗಳವರು ಹೀಗೆ ಮಾಡಿದರೆ 3,650 ಪುಟ. ಇಷ್ಟು ಕಡಿಮೆ ಬಂಡವಾಳಕ್ಕೆ ಇಷ್ಟು ಬಡ್ಡಿ ಕೊಡುವ ಠೇವಣಿಯನ್ನು ನಾನು ಬ್ಯಾಂಕಿನಲ್ಲಿ ಕಂಡಿಲ್ಲ. ಈ ಭಾನುವಾರವೇ ಮನೆಯ ಹಿರಿಯರ ಹತ್ತಿರ ಕುಳಿತು, ಅವರಿಗೆ ಬಾಯಿಗೆ ಬರುವ ಒಂದು ಸ್ತೋತ್ರವನ್ನೋ ಹಾಡನ್ನೋ ಹೇಳಿಸಿ ಬರೆದುಕೊಳ್ಳಿ. ಪುಸ್ತಕ ನಾಳೆಯವರೆಗೆ ಕಾದೀತು, ನೆನಪು ಕಾಯುವುದಿಲ್ಲ.